ಪ್ರತಿಕ್ರಿಯೆ: ನುಡಿಯ ಹಳೆಯ ನೋಟ್ಸ್ ಕೊಟ್ಟರೆ ಎಐ ಅಸಂಬದ್ಧ ಪ್ರಶ್ನೆ ಕೊಡುತ್ತಿದೆ

ಮಂಜೇಶ್ವರದ ನಿಮ್ಮ ಶಾಲೆಯ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ನೋಟ್ಸನ್ನು ಚಾಟ್‌ಜಿಪಿಟಿಗೆ ಹಾಕಿ ಮಕ್ಕಳಿಗೆ ಪ್ರಶ್ನೆ ಮಾಡಿಕೊಡಲು ಕೇಳಿದಾಗ ತಲೆಬುಡವಿಲ್ಲದ ಪ್ರಶ್ನೆ ಬರುವುದಕ್ಕೆ ಕಾರಣ ಬಹುಶಃ ಎಐ ಅಲ್ಲ, ಫಾಂಟು. ಹಳೆಯ ನುಡಿ ಫಾಂಟುಗಳು ಯೂನಿಕೋಡ್ (ಎಲ್ಲ ಕಡೆ ಒಂದೇ ರೀತಿ ಓದಲಾಗುವ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲ. ಪರದೆಯಲ್ಲಿ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫೈಲ್ ನೋಡದೆ ಖಚಿತವಾಗಿ ಹೇಳಲಾರೆ. ಹಾಗಾಗಿ ಮೊದಲು ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡ ಕಾಣದಿದ್ದರೆ ಇದೇ ತೊಂದರೆ.

ಆಗ ನೋಟ್ಸನ್ನು ಆಸ್ಕಿ-ಯೂನಿಕೋಡ್ ಪರಿವರ್ತಕಕ್ಕೆ (ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಸಾಧನ) ಹಾಕಿ. ಬಂದದ್ದರಲ್ಲಿ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ಓದಿ: ಹಳೆಯ ಫಾಂಟಿನಲ್ಲಿ ‘ವರ್ಷ’ದ ರೇಫ (‘ರ್’) ಷಕಾರದ ನಂತರ ಕೂತಿರುತ್ತದೆ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ನಡುವಿನ ಇಂಗ್ಲಿಷ್ ಪದಗಳೂ ಕೆಡುತ್ತವೆ, ಅವನ್ನು ಕೈಯಲ್ಲೇ ತಿದ್ದಬೇಕು. ಮುದ್ರಿತ ಪ್ರತಿ ಮಾತ್ರ ಇದ್ದರೆ ಪುಟದ ಫೋಟೋವನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರ ಸಿಗುತ್ತದೆ.

ಕೇರಳದಲ್ಲಿರುವ ನಮ್ಮ ಗಡಿ ಕನ್ನಡಿಗರಿಗೆ ಇದು ಮುಖ್ಯ: ಕನ್ನಡದಲ್ಲಿ ಕೇಳಿದರೆ ಎಐ ಕರ್ನಾಟಕದ ಪಠ್ಯವೆಂದು ಊಹಿಸಿಕೊಳ್ಳಬಹುದು. ‘ಕೇರಳ ಎಸ್‌ಸಿಇಆರ್‌ಟಿ, ಇಂಥ ತರಗತಿ, ಈ ನೋಟ್ಸಿನೊಳಗಿಂದ ಮಾತ್ರ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ (ಎಸ್‌ಸಿಇಆರ್‌ಟಿ ಎಂದರೆ ಪಠ್ಯಪುಸ್ತಕ ರೂಪಿಸುವ ರಾಜ್ಯ ಸಂಸ್ಥೆ). ಮಕ್ಕಳಿಗೆ ಅವರ ಪುಸ್ತಕದ ಪದಗಳಲ್ಲೇ ಪ್ರಶ್ನೆ ಸಿಗಬೇಕು. ಒಂದು ಸಲಕ್ಕೆ ಒಂದೇ ಪಾಠ ಕೊಡಿ; ಮಕ್ಕಳ ಹೆಸರು, ಅಂಕ ಇರುವ ಹಾಳೆ ಹಾಕಲೇಬೇಡಿ.