ಒಂಬತ್ತನೇ ಪುಟದ ಆ ಒಂದು ಪ್ಯಾರಾ

ನಮಸ್ಕಾರ.

ನಿಮ್ಮ ಲೇಖನ ‘ಎಲ್ಲ ನದಿಗಳೂ ಒಂದೇ ಕಡಲಿಗೆ’ ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲು ಬರೆದು ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಒಂಬತ್ತನೇ ಪುಟ. ಅದಕ್ಕೆ ಆಮೇಲೆ ಬರುತ್ತೇನೆ.

ಹದಿನಾರು ಪುಟಗಳಲ್ಲಿ ಉಪನಿಷತ್ತಿನ ಋಷಿಗಳು, ಬುದ್ಧ, ಸೂಫಿಗಳು, ಕ್ರೈಸ್ತ ಸಂತರು, ಅಲ್ಲಮ, ಝೆನ್ ಗುರುಗಳು ಎಲ್ಲರನ್ನೂ ಕರೆತಂದಿದ್ದೀರಿ. ಎಲ್ಲರ ಬಾಯಲ್ಲೂ ಒಂದೇ ಮಾತು ಹೇಳಿಸಿದ್ದೀರಿ: ಭಾಷೆ ಬೇರೆ, ಅನುಭಾವ (ಪರಮಸತ್ಯವನ್ನು ನೇರವಾಗಿ ಕಾಣುವ ಅನುಭವ) ಒಂದೇ. ಹೀಗೆ ನಂಬುವವರಲ್ಲಿ ದೊಡ್ಡ ವಿದ್ವಾಂಸರೂ ಇದ್ದಾರೆ. 1960ರಲ್ಲಿ ತತ್ತ್ವಜ್ಞಾನಿ ಡಬ್ಲ್ಯು. ಟಿ. ಸ್ಟೇಸ್ ಹೆಚ್ಚುಕಡಿಮೆ ಇದನ್ನೇ ವಾದಿಸಿದರು. 1978ರಲ್ಲಿ ಇನ್ನೊಬ್ಬ ವಿದ್ವಾಂಸ ಸ್ಟೀವನ್ ಕ್ಯಾಟ್ಜ್ ಇಂಥ ವಾದಕ್ಕೆ ಎದುರು ನಿಂತರು. ಮನಸ್ಸು ಮೊದಲೇ ಕಲಿತದ್ದು ಅನುಭವದ ಒಳಗೇ ಸೇರಿಕೊಂಡಿರುತ್ತದೆ, ಆದ್ದರಿಂದ ಯಹೂದಿ ಅನುಭಾವಿಗೆ ಆಗುವುದು ಬೇರೆ, ಬೌದ್ಧ ಭಿಕ್ಷುವಿಗೆ ಆಗುವುದು ಬೇರೆ ಅಂದರು. ಈ ಜಗಳ ಇನ್ನೂ ಮುಗಿದಿಲ್ಲ. ನೀವು ಯಾವ ಕಡೆ ಬೇಕಾದರೂ ನಿಲ್ಲಿ. ಜಗಳವೇ ಇಲ್ಲ ಎನ್ನುವ ಹಾಗೆ ಮಾತ್ರ ಬರೆಯಬೇಡಿ.

ನಾಲ್ಕನೇ ಪುಟ ನೋಡಿ. ಸೂಫಿ ಹಲ್ಲಾಜನ ‘ಅನಲ್ ಹಕ್’ (ನಾನೇ ಸತ್ಯ) ಮತ್ತು ‘ಅಹಂ ಬ್ರಹ್ಮಾಸ್ಮಿ’ ಎರಡೂ ಒಂದೇ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. 922ರಲ್ಲಿ ಬಾಗ್ದಾದಿನಲ್ಲಿ ಆ ಮನುಷ್ಯನನ್ನು ಕೊಂದರು. ಅವನ ಪರ ನಿಂತ ಸೂಫಿಗಳ ಮಾತು ಏನು ಗೊತ್ತಾ? ಮಾತಾಡಿದ್ದು ಹಲ್ಲಾಜನಲ್ಲ, ಅವನು ಆಗಲೇ ಅಳಿದುಹೋಗಿದ್ದ, ಉಳಿದಿದ್ದವನು ದೇವರು. ಹಾಗೆ ಅಳಿಯುವುದು ಫನಾ. ಅದಾದ ಮೇಲೆ ದೇವರಲ್ಲಿ ನೆಲೆ ನಿಲ್ಲುವುದು ಬಕಾ. ಶಂಕರರ ಅದ್ವೈತದಲ್ಲಿ ಹೊಸದಾಗಿ ಒಂದಾಗುವುದೇನೂ ಇಲ್ಲ. ಎರಡು ಇವೆ ಅಂದುಕೊಂಡದ್ದೇ ತಪ್ಪು ತಿಳಿವಳಿಕೆ. ಬುದ್ಧನ ದಾರಿಯಲ್ಲಿ ಹೋಗಿ ಸೇರಲು ದೇವರಿಲ್ಲ, ಸೇರುವ ಆತ್ಮವೂ ಇಲ್ಲ. ಮಧ್ವರ ಪ್ರಕಾರ ಮೋಕ್ಷದಲ್ಲೂ ಜೀವ ಬೇರೆ, ದೇವರು ಬೇರೆ. ಇಷ್ಟೆಲ್ಲ ಆದ ಮೇಲೂ ಕೊನೆಗೆ ಎಲ್ಲ ಒಂದೇ ಅನ್ನಿಸಿದರೆ ಧಾರಾಳವಾಗಿ ಬರೆಯಿರಿ. ಆಗ ಆ ಮಾತಿಗೆ ತೂಕ ಇರುತ್ತದೆ.

‘ಮಾತಿಗೆ ನಿಲುಕದ್ದು’ ಅಂತ ಹನ್ನೊಂದು ಕಡೆ ಬರೆದಿದ್ದೀರಿ. ಜಾಸ್ತಿ ಆಯಿತು. ಅನುಭಾವದ ಮೊದಲ ಗುರುತೇ ಅದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಹೇಳಿದ್ದಾರೆ, ನಿಜ. ಆದರೆ ನಿಲುಕದ್ದು ಅಂದವರೇ ಎಷ್ಟೊಂದು ಬರೆದಿದ್ದಾರೆ! ಸ್ಪೇನಿನ ಕ್ರೈಸ್ತ ಸನ್ಯಾಸಿನಿ ಅವಿಲಾದ ತೆರೇಸಾ 1577ರಲ್ಲಿ ಬರೆಯಲು ಕೂತದ್ದು ಹಿರಿಯರ ಅಪ್ಪಣೆಯಂತೆ, ಮನಸ್ಸಿಲ್ಲದ ಮನಸ್ಸಿನಿಂದ. ತಲೆಯೊಳಗೆ ನದಿಗಳು ಭೋರ್ಗರೆಯುತ್ತಿವೆ, ಹಕ್ಕಿಗಳು ಸಿಳ್ಳೆ ಹಾಕುತ್ತಿವೆ ಎಂದು ನಡುವೆ ಹೇಳಿಕೊಳ್ಳುತ್ತಾಳೆ. ಆದರೂ ಬಿಡುವುದಿಲ್ಲ. ಆತ್ಮ ದೇವರನ್ನು ಸೇರುವುದನ್ನು ಹೇಳಲು ಮೊದಲು ಎರಡು ಮೇಣದ ಬತ್ತಿಗಳನ್ನು ತರುತ್ತಾಳೆ. ಅವುಗಳ ಬೆಳಕು ಒಂದಾಗುತ್ತದೆ. ಆದರೆ ಬತ್ತಿಗಳನ್ನು ಮತ್ತೆ ಬೇರೆ ಮಾಡಬಹುದು, ಅಲ್ವಾ? ಅದಕ್ಕೇ ಅದಕ್ಕಿಂತ ಆಳದ ಹಂತಕ್ಕೆ, ನದಿಗೆ ಬಿದ್ದ ಮಳೆನೀರನ್ನು ತರುತ್ತಾಳೆ. ಅದನ್ನು ಇನ್ನು ಯಾರು ಬೇರೆ ಮಾಡುತ್ತಾರೆ? ಒಂದು ಸಣ್ಣ ವ್ಯತ್ಯಾಸ ಹಿಡಿಯಲು ಆಕೆ ಪಟ್ಟ ಪಾಡು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಿಮ್ಮ ತಲೆಬರಹದಲ್ಲೂ ನದಿ ಇದೆ. ಮುಂಡಕ ಉಪನಿಷತ್ತಿನ ನದಿಗಳು ಹೆಸರು, ರೂಪ ಎರಡನ್ನೂ ಬಿಟ್ಟು ಕಡಲು ಸೇರುತ್ತವೆ. ಆ ನದಿಯನ್ನೂ ತೆರೇಸಾಳ ಮಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ನಿಮ್ಮ ವಾದಕ್ಕೆ ಎಷ್ಟು ಜೀವ ಬರುತ್ತಿತ್ತು!

ಈಗ ಒಂಬತ್ತನೇ ಪುಟ. ಅಪ್ಪನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದ ರಾತ್ರಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದೀರಿ. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿತ್ತು. ‘ಒಮ್ಮೆಲೇ ಕಾಯುವವನು ಇರಲಿಲ್ಲ, ಕಾಯುವುದು ಮಾತ್ರ ಇತ್ತು’ ಅಂತ ಬರೆದಿದ್ದೀರಿ. ಈ ಸಾಲನ್ನು ಬೇರೆ ಯಾರೂ ಬರೆಯಲು ಆಗುತ್ತಿರಲಿಲ್ಲ. ಆದರೆ ಮರುಸಾಲಿನಲ್ಲೇ ನೀವು ಹೆದರಿ ಸೂಫಿ ಕವಿ ರೂಮಿಯ ಹಿಂದೆ ಅಡಗಿಬಿಟ್ಟಿರಿ.

ಫ್ರಾನ್ಸಿನ ಗಣಿತಜ್ಞ ಪ್ಯಾಸ್ಕಲ್ ತನಗಾದ ದೈವಾನುಭವವನ್ನು ಬರೆದಿಟ್ಟ ಕಾಗದದಲ್ಲಿ ಮೊದಲು ತಾರೀಖು ಇದೆ: 1654, ನವೆಂಬರ್ 23. ಆಮೇಲೆ ಹೊತ್ತು: ರಾತ್ರಿ ಸುಮಾರು 10.30ರಿಂದ 12.30ರವರೆಗೆ. ಅದರ ಕೆಳಗೆ ಒಂದೇ ಪದ, ‘ಬೆಂಕಿ’. ಅದನ್ನು ಕೋಟಿನ ಒಳಬಟ್ಟೆಗೆ ಹೊಲಿದು ಇಟ್ಟುಕೊಂಡಿದ್ದ. ಸಿಕ್ಕಿದ್ದು 1662ರಲ್ಲಿ ಅವನು ತೀರಿಕೊಂಡ ಮೇಲೆ. ಇಂಗ್ಲೆಂಡಿನ ಅನುಭಾವಿ ಹೆಂಗಸು ನಾರ್ವಿಚ್‌ನ ಜೂಲಿಯನ್‌ಗೆ ದರ್ಶನವಾದದ್ದು 1373ರ ಮೇ ತಿಂಗಳಲ್ಲಿ, ಸಾವಿನ ಹಾಸಿಗೆ ಎಂದೇ ಎಲ್ಲರೂ ಅಂದುಕೊಂಡಿದ್ದಾಗ. ಮೊದಲು ಚಿಕ್ಕದಾಗಿ ಬರೆದಳು. ಅದರ ಅರ್ಥವನ್ನು ಸುಮಾರು 20 ವರ್ಷ ಮನಸ್ಸಿನಲ್ಲಿ ತಿರುವಿ ಹಾಕಿ, ಆಮೇಲೆ ದೊಡ್ಡದಾಗಿ ಬರೆದಳು.

ನಿಮ್ಮಿಂದ ಇಪ್ಪತ್ತು ವರ್ಷ ಕೇಳುತ್ತಿಲ್ಲ. ಮೂರು ತಿಂಗಳು ತೆಗೆದುಕೊಳ್ಳಿ. ಬೆಂಚಿನಿಂದ ಶುರು ಮಾಡಿ. ಆರು ಪರಂಪರೆ ಬೇಡ, ನಿಮ್ಮನ್ನು ನಿಜವಾಗಿ ಕಾಡಿದ ಇಬ್ಬರು ಸಾಕು. ಆ ರಾತ್ರಿಯದ್ದನ್ನು ಸದ್ಯಕ್ಕೆ ಅನುಭವ ಅಂತಲೇ ಕರೆಯಿರಿ. ಅನುಭಾವ ಅನ್ನಲು ಒಂದು ದೀರ್ಘ ಸೇರಿಸಿದರೆ ಆಯಿತು, ಆದರೆ ಆ ದೀರ್ಘಕ್ಕೆ ಆತುರ ಬೇಡ.

ಇನ್ನೊಂದು. ಆಮೇಲೆ ಆ ಬಾಗಿಲು ತೆರೆದಿರಬೇಕು, ಅಲ್ವಾ? ಯಾರು ಹೊರಗೆ ಬಂದರು, ಏನು ಹೇಳಿದರು, ಅಪ್ಪ ಈಗ ಹೇಗಿದ್ದಾರೆ, ಒಂದನ್ನೂ ನೀವು ಬರೆದಿಲ್ಲ. ಓದಿದಾಗಿನಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ.