ಅಮ್ಮ ಇಂಗ್ಲಿಷ್ ಕ್ಲಾಸ್ ಬಿಟ್ಟಿದ್ದಕ್ಕೆ

ಬಹುಶಃ ನಿಮ್ಮ ಅಮ್ಮನನ್ನು ಅವರಿಗೆ ಹೊಂದದ ಕ್ಲಾಸಿಗೆ ಹಾಕಿದ್ದಾರೆ. ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದವರು ಎರಡೇ ವಾರಕ್ಕೆ ಇಂಗ್ಲಿಷ್ ಕ್ಲಾಸ್ ಬಿಟ್ಟರು, ಈಗ ಮನೆಯಿಂದ ಹೊರಗೇ ಬರುತ್ತಿಲ್ಲ ಅಂದಿರಲ್ಲ, ನಮ್ಮ ಅತ್ತೆಗೂ ಹೀಗೇ ಆಗಿತ್ತು. ಅತ್ತೆಯನ್ನು ಹಾಕಿದ್ದು ಕೆಲಸ ಹುಡುಕುವವರ ಕ್ಲಾಸಿಗೆ. ರೆಸ್ಯೂಮೆ ಬರೆಯೋದು ಕಲಿತು ಅವರೇನು ಮಾಡಬೇಕು?

ಮೊದಲು ಹತ್ತಿರದ ಪಬ್ಲಿಕ್ ಲೈಬ್ರರಿಗೆ ಫೋನ್ ಮಾಡಿ, ಇಂಗ್ಲಿಷ್ ಕಾನ್ವರ್ಸೇಷನ್ ಗ್ರೂಪ್ ಇದೆಯಾ ಕೇಳಿ. ಬಹಳ ಕಡೆ ಇರುತ್ತದೆ, ದುಡ್ಡು ಕೇಳಲ್ಲ. ಪರೀಕ್ಷೆಯ ಕಾಟವಿಲ್ಲ, ಸುಮ್ನೆ ಕೂತು ಮಾತಾಡೋದು. ಮೊದಲ ಎರಡು ಸಲ ನೀವೂ ಹೋಗಿ, ಆದರೆ ಪಕ್ಕದಲ್ಲಿ ಕೂರಬೇಡಿ. ಕೂತರೆ ಅವರ ಬದಲು ನೀವೇ ಮಾತಾಡಿಬಿಡುತ್ತೀರಿ. ನಾನು ಮಾಡಿದ ತಪ್ಪು ಅದೇ.

ಅಲ್ಲೇ ಹೆಣಿಗೆ, ಹೊಲಿಗೆಯ ಗುಂಪಿದ್ದರೆ ಇನ್ನೂ ಒಳ್ಳೆಯದು. ಕೈಗೆ ಬರುವ ಕೆಲಸವಿದ್ದರೆ ಬಾಯಿ ತಾನಾಗೇ ಬಿಡುತ್ತದೆ. ವಲಸೆ ಬಂದವರಿಗೆ ನೆರವಾಗುತ್ತಿದ್ದ ಶಿಕಾಗೋದ ಹಲ್ ಹೌಸ್ ಸಂಸ್ಥೆಯವರಿಗೆ ಇದು 1900ರಲ್ಲೇ ಗೊತ್ತಿತ್ತು: ವಲಸೆ ಬಂದ ಹೆಂಗಸರು ತಮ್ಮೂರಿನ ನೂಲುವ, ನೇಯುವ ಬಗೆಯನ್ನು ಅಲ್ಲಿ ಬೇರೆಯವರಿಗೆ ತೋರಿಸುತ್ತಿದ್ದರು.

ಲೈಬ್ರರಿಯಲ್ಲಿ ಏನೂ ಇಲ್ಲದಿದ್ದರೆ ಸ್ಥಳೀಯ ನೆರವಿನ ಮಾಹಿತಿ ಕೊಡುವ ಸಹಾಯವಾಣಿ 211ಕ್ಕೆ ಫೋನ್ ಮಾಡಿ, ದೊಡ್ಡವರಿಗೆ ಉಚಿತವಾಗಿ ಇಂಗ್ಲಿಷ್ ಎಲ್ಲಿ ಕಲಿಸುತ್ತಾರೆ ಎಂದು ವಿಚಾರಿಸಿ.

ಎರಡು ಮೂರು ತಿಂಗಳಾದ ಮೇಲೆ ಅಡಲ್ಟ್ ಸ್ಕೂಲ್, ಅಂದರೆ ದೊಡ್ಡವರ ಶಾಲೆ, ನೋಡಿ. ಸೇರುವಾಗ ಮಟ್ಟ ಅಳೆಯುವ ಪರೀಕ್ಷೆ ಇರುತ್ತದೆ. ಉತ್ತರ ಹೇಳಿಕೊಟ್ಟು ಮೇಲಿನ ಕ್ಲಾಸಿಗೆ ಹತ್ತಿಸಬೇಡಿ. ಪೌರತ್ವಕ್ಕೆಂದು ಅವಸರವೂ ಬೇಡ, ಅದಕ್ಕೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ ಆಗಬೇಕು.

ಕ್ಲಾಸೇ ಕಾರಣ ಅಂತ ಇಲ್ಲಿಂದ ಖಚಿತವಾಗಿ ಹೇಳಲಾರೆ. ಕಿವಿ ಸರಿಯಾಗಿ ಕೇಳುತ್ತಾ ಅಂತಲೂ ಒಮ್ಮೆ ಡಾಕ್ಟರಿಗೆ ತೋರಿಸಿ.