ಹೆಂಡತಿಗೆ ಮದುವೆ ದಿನಕ್ಕೆ ಸರ್ಪ್ರೈಸಾಗಿ .22 ಟಾರ್ಗೆಟ್ ಪಿಸ್ತೂಲ್ ಕೊಡ್ಬೇಕು ಅಂತಿದೀನಿ, ವಾಲ್ಥರ್ ತಗೊಳ್ಳಲಾ ಪಾರ್ಡಿನಿ ತಗೊಳ್ಳಲಾ?

ಎರಡೂ ಬೇಡ. ಸರ್ಪ್ರೈಸೂ ಬೇಡ. ಪುರುಸೊತ್ತಿಲ್ಲದೋರು ಇಲ್ಲಿಗೇ ನಿಲ್ಲಿಸ್ಬೋದು.

ಪುರುಸೊತ್ತಿದ್ರೆ ಕೇಳಿ ಮಾರಾಯ್ರೆ, ಯಾಕಂದ್ರೆ ಟಿವೀಲಿ ಮನು ಭಾಕರ್ ನೋಡಿ ಹೆಂಡತಿಗೆ ಆಸೆ ಆಗಿದೆ, ಅಪ್ಪನ ಹೆಸರಲ್ಲಿ ಕೋವಿ ಲೈಸೆನ್ಸ್ ಹೇಗೂ ಇದೆ, ಅಂತೆಲ್ಲ ನೀವು ಬರ್ದಿರೋದು ಓದ್ತಿದ್ರೆ ಕೆಲವು ವರ್ಷದ ಹಿಂದೆ ನಾನೇ ಕೂತು ಬರ್ದಂಗಿದೆ.

ನಮ್ಮದು ತೀರ್ಥಹಳ್ಳಿ ಕಡೆ. 2018ರ ಆಗಸ್ಟು, ಹೊರಗೆ ಜಡಿಮಳೆ, ಅಪರೂಪಕ್ಕೆ ಕರೆಂಟ್ ಇತ್ತು. ಇವಳು, ನನ್ನ ಹೆಂಡತಿ, ಟಿವಿ ಮುಂದೆ ಕೂತು ಹಲಸಿನ ಬೇಳೆ ಸಿಪ್ಪೆ ಬಿಡಿಸ್ತಿದ್ಲು. ಇಂಡೋನೇಷ್ಯಾದಲ್ಲಿ ಏಶ್ಯನ್ ಗೇಮ್ಸ್ ನಡೀತಿತ್ತು, ನಮ್ಮ ದೇಶದ ರಾಹಿ ಸರ್ನೋಬತ್ 25 ಮೀಟರ್ ಪಿಸ್ತೂಲಲ್ಲಿ ಅಂಕ ಸಮ ಆಗಿ ಶೂಟ್‌ಆಫ್ ತನಕ ಹೋಗಿ ಚಿನ್ನ ಗೆದ್ರು. ಇವಳ ಕೈಯಲ್ಲಿದ್ದ ಬೇಳೆ ಅಲ್ಲೇ ನಿಂತೋಯ್ತು. "ಒಂದೇ ಕೈಯಲ್ಲಿ ಹೊಡೀತಾರಲ್ರೀ" ಅಂದ್ಲು. ಅಷ್ಟೇ ಅಂದಿದ್ದು, ತಂದುಕೊಡಿ ಅಂತ ಅಲ್ಲ, ನಂಗೂ ಆಸೆ ಅಂತಾನೂ ಅಲ್ಲ. ಆದ್ರೆ ಮಾರನೇ ದಿನ ಕೊಟ್ಟಿಗೆಯಿಂದ ಬರ್ತಾ ನೋಡ್ತೀನಿ, ಒಲೆ ಮುಂದೆ ನಿಂತು ಸೌಟು ಹಿಡಿದು ಬಲಗೈ ನೇರ ಚಾಚಿ ಗೋಡೆ ಮೇಲಿನ ಕ್ಯಾಲೆಂಡರಿಗೆ ಗುರಿ ಇಡ್ತಿದ್ಲು. ನನ್ನ ನೋಡಿದ ತಕ್ಷಣ ಸೌಟು ಸಾರಿಗೆ ಹೋಯ್ತು.

ನಾನು ಕೋವಿ ಇರೋ ಮನೇಲಿ ಬೆಳೆದೋನು. ಅಜ್ಜನ ಕಾಲದ ಜೋಡುನಳಿಗೆ, ತೋಟಕ್ಕೆ ಬರೋ ಮಂಗ ಹಂದಿ ಹೆದರಿಸೋಕೆ, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತಂದು ಜೋಪಾನ ಮಾಡೋದು, ಮುಗಿದ್ಮೇಲೆ ಬಿಡಿಸ್ಕೊಂಡು ಬರೋದು. ಕೋವಿ ಗೊತ್ತಿರೋನಿಗೆ ಪಿಸ್ತೂಲ್ ಏನು ಮಹಾ ಅನ್ನೋ ಗರ್ವ ತಲೇಲಿ ಕೂತಿತ್ತು. ಈ ಗರ್ವ ನಿಮ್ಮ ಪ್ರಶ್ನೇಲೂ ಸ್ವಲ್ಪ ವಾಸನೆ ಬರ್ತಿದೆ, ಬೇಜಾರ್ ಮಾಡ್ಕೋಬೇಡಿ.

ಮುಂದಿನ ವರ್ಷ ಅಡಿಕೆ ದುಡ್ಡು ಕೈಗೆ ಬಂತು. .22 (ಅಂದ್ರೆ 0.22 ಇಂಚಿನ ನಳಿಗೆಯ, ಮದ್ದುಗುಂಡು ಹಾರಿಸೋ ಪಿಸ್ತೂಲ್) ವಿಚಾರಿಸಿದೆ, ಅದು ಆಗೋ ಹೋಗೋ ಮಾತಲ್ಲ ಅಂತ ಒಂದೇ ವಾರದಲ್ಲಿ ಗೊತ್ತಾಯ್ತು (ಅದರ ಕಥೆ ಕೆಳಗಿದೆ). ಮದ್ದಿಲ್ದೆ ಗಾಳಿ ಒತ್ತಡದಲ್ಲಿ ಸಣ್ಣ ಪೆಲೆಟ್ ಹಾರಿಸೋ ಏರ್ ಪಿಸ್ತೂಲ್ ಕಡೆ ತಿರುಗಿದೆ. ಪರಿಚಯದೋರ ಮೂಲಕ ಬೆಂಗಳೂರಲ್ಲಿ ಒಬ್ರು ಶೂಟರ್ ಹಳೇದು ಮಾರ್ತಿದಾರೆ ಅಂತ ಸುದ್ದಿ ಸಿಕ್ತು, ಸ್ಟೆಯರ್ ಎಲ್‌ಪಿ10, ಆಸ್ಟ್ರಿಯಾದ್ದು. ಇವಳಿಗೆ ಎಪಿಎಂಸಿ ಕೆಲಸ ಅಂತ ಸುಳ್ಳು ಹೇಳಿ ರಾತ್ರಿ ಬಸ್ ಹತ್ತಿದೆ.

ಮಾಲು ನೋಡೋದ್ರಲ್ಲಿ ನಾನೇನೂ ಮೋಸ ಹೋಗ್ಲಿಲ್ಲ. ಗಾಳಿ ತುಂಬೋ ಸಿಲಿಂಡರ್ ಮೇಲಿರೋ ತಾರೀಕು ನೋಡಿದೆ, ಅದಕ್ಕೆ ಹತ್ತು ವರ್ಷ ಆಯುಷ್ಯ, ಆಮೇಲೆ ಮ್ಯಾಚಲ್ಲಿ ಬಳಸೋ ಹಾಗಿಲ್ಲ. ಹಳೇದು ತಗೊಳ್ಳೋರು ಇದೊಂದನ್ನ ಮರೀಬೇಡಿ. ಪ್ರೆಶರ್ ಇಳೀತಿದ್ಯಾ ಅಂತ ಅರ್ಧ ಗಂಟೆ ಕಾದೆ. ಐದು ಶಾಟ್ ಹೊಡೆದೆ. ಎಲ್ಲ ಸರಿ ಇತ್ತು. ಆಮೇಲೆ ಕೈಯಲ್ಲಿ ಹಿಡ್ಕೊಂಡೆ ನೋಡಿ, ಆಹಾ, ಹಳೇ ಸ್ನೇಹಿತ ಕೈ ಕುಲುಕಿದಂಗೆ ಕೂತ್ಕೊಳ್ತು. ಅಲ್ಲೇ ದುಡ್ಡು ಎಣಿಸಿದೆ.

ತಪ್ಪಾಗಿದ್ದು ಅಲ್ಲೇ. ನನ್ನ ಕೈಗೆ ಕೂತ್ಕೊಳ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ, ಸಹಿಸ್ಕೊಳ್ಳಿ. ಕೋವಿ ಆದ್ರೆ ಹೆಗಲಿಗೆ ಆನಿಸ್ತೀವಿ, ಕೆನ್ನೆ ತಾಗಿಸ್ತೀವಿ, ಎರಡು ಕೈ ಇರುತ್ತೆ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮೈಯೇ ಸುಧಾರಿಸ್ಕೊಳ್ಳುತ್ತೆ. ಟಾರ್ಗೆಟ್ ಪಿಸ್ತೂಲ್ ಒಂದೇ ಕೈಯಲ್ಲಿ, ತೋಳು ಚಾಚಿ, ಯಾವ ಆಸರೆನೂ ಇಲ್ದೆ ಹಿಡಿಯೋದು. ಅದಕ್ಕೇ ಅದರ ಮರದ ಹಿಡಿ ಅಂಗೈ ಆಕಾರಕ್ಕೇ ಕೆತ್ತಿರ್ತಾರೆ, ಬೆರಳಿಗೆ ಬೇರೆ ಬೇರೆ ಹಳ್ಳ, ಅಂಗೈ ಕೆಳಗೆ ಒಂದು ಮಣೆ ಥರ ತಾಂಗು, ಅದನ್ನ ಮೇಲೆ ಕೆಳಗೆ ಮಾಡಿ ಸ್ಕ್ರೂ ಬಿಗಿ ಮಾಡ್ಬೋದು. ಹಿಡಿಗೆ ಚಪ್ಪಲಿ ಥರ ಸೈಜಿದೆ, ಎಸ್ಸು ಎಮ್ಮು ಎಲ್ಲು, ಎಡಗೈಗೆ ಬೇರೆ ಬಲಗೈಗೆ ಬೇರೆ. ನಾನು ತಂದಿದ್ದು ಎಲ್. ಇವಳಿಗೆ ಬೇಕಾಗಿದ್ದು ಎಸ್.

ಹಿಡಿ ದೊಡ್ಡದಾದ್ರೆ ಏನಾಗುತ್ತೆ? ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಜಾಗ ಟ್ರಿಗರ್ ಮೇಲೆ ಕೂರ್ಬೇಕು, ನೇರ ಹಿಂದಕ್ಕೆ ಎಳೀಬೇಕು. ಕೈ ಚಿಕ್ಕದಾದ್ರೆ ಉಗುರ ತುದಿ ಮಾತ್ರ ಮುಟ್ಟುತ್ತೆ, ಎಳೆಯೋ ಬದ್ಲು ಪಕ್ಕಕ್ಕೆ ತಳ್ಳುತ್ತೆ. ಇನ್ನಷ್ಟು ಮುಟ್ಟಿಸ್ಬೇಕು ಅಂತ ಹಿಡಿ ಸುತ್ತ ಕೈ ತಿರುಗಿಸಿದ್ರೆ ಪಿಸ್ತೂಲು ಮುಂಗೈ ಗೆರೆ ಬಿಟ್ಟು ಓರೆ ಆಗುತ್ತೆ, ಅದನ್ನ ನೆಟ್ಟಗೆ ಮಾಡೋಕೆ ಮಣಿಕಟ್ಟು ಸೊಟ್ಟ ಮಾಡ್ಬೇಕು, ಮಣಿಕಟ್ಟು ನೋಯುತ್ತೆ. ಟ್ರಿಗರ್ ಹಿಂದೆ ಮುಂದೆ ಜರುಗಿಸ್ಬೋದಲ್ವಾ ಅಂತ ತಿಳಿದೋರು ಕೇಳ್ತೀರಿ, ಪೂರ್ತಿ ಹಿಂದಕ್ಕೆ ತಂದೆ ಸ್ವಾಮಿ, ಬೆರಳು ಮುಟ್ತು ಅಂತಾನೇ ಇಟ್ಕೊಳ್ಳಿ, ಅಂಗೈ ಹಿಂದೆ ಒಂದು ಬೆರಳು ತೂರೋಷ್ಟು ಖಾಲಿ ಜಾಗ ಹಾಗೇ ಉಳೀತು.

ತಮಾಷೆ ಅಂದ್ರೆ ಇವಳ ಬಳೆ ಅಳತೆ ಎರಡು-ನಾಲ್ಕು ಅಂತ ನನಗೆ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಗೊತ್ತು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಂದ್ಸಲ ಬರುತ್ತಲ್ಲ, ಬಳೆ ಅಂಗಡಿ ಮುಂದೆ ನಿಂತು ನಾನೇ ಹೇಳೋದು. ಅದೇ ಕೈ. ಬಸ್ಸಲ್ಲಿ ಇಡೀ ರಾತ್ರಿ ಸಿಲಿಂಡರ್, ಬ್ಯಾರೆಲ್ಲು, ಟ್ರಿಗರ್ ತೂಕ ಅಂತ ಯೋಚನೆ ಮಾಡಿದೋನು ಆ ಕೈ ಒಂದ್ಸಲನೂ ನೆನೆಸ್ಕೊಳ್ಳಿಲ್ಲ.

ಕೊಟ್ಟ ದಿನ ಖುಷಿ ಆಯ್ತು, ಇಲ್ಲ ಅಂತಲ್ಲ. ತೊಡೆದೇವು ಮಾಡಿದ್ಲು. ಜಗಲಿ ಈ ತುದಿಯಿಂದ ಪಡಸಾಲೆ ಗೋಡೆ ತನಕ ಟೇಪ್ ಹಿಡಿದು 10 ಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆದೆ, ಗುರಿಯ ನಡುಮಧ್ಯ ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರೋ ಹಾಗೆ ಕಟ್ಟಿದೆ. (ಸೀದಾ ಜಂಬಿಟ್ಟಿಗೆ ಗೋಡೆಗೆ ಹೊಡೀಬೇಡಿ, ಪೆಲೆಟ್ ಸಿಡಿದು ವಾಪಸ್ ಬರುತ್ತೆ. ಹಿಂದೆ ಹಳೇ ಬಟ್ಟೆ ತುರುಕಿದ ದಪ್ಪ ಪೆಟ್ಟಿಗೆ ಇರ್ಲಿ, ಮಕ್ಕಳು ದನ ಯಾವುದೂ ಆ ಕಡೆ ಸುಳಿಯೋ ಹಾಗಿರ್ಬಾರ್ದು. ಪೆಲೆಟ್ ಸೀಸದ್ದು, ಮುಟ್ಟಿದ ಕೈ ಸೋಪಲ್ಲಿ ತೊಳೀದೆ ಊಟಕ್ಕೆ ಕೂರ್ಬೇಡಿ.)

ಇವಳು ಹೊಡೆದದ್ದೆಲ್ಲ ಎಡಕ್ಕೆ. 10 ಮೀಟರ್ ಪಿಸ್ತೂಲ್ ಗುರಿಯಲ್ಲಿ ಕಪ್ಪು ವೃತ್ತ 59.5 ಮಿಲಿಮೀಟರ್, ಹತ್ತು ಅಂಕದ ಉಂಗುರ ಬರೀ 11.5. ಇವಳದ್ದು ಕಪ್ಪು ಬಿಟ್ಟು ಆಚೆ, ಗಡಿಯಾರದ ಎಂಟು ಗಂಟೆ ಇರೋ ಕಡೆ ಗುಂಪು ಗುಂಪಾಗಿ ಬೀಳೋದು. ನಾನು ಪಕ್ಕದಲ್ಲಿ ನಿಂತು "ಕೈ ಗಟ್ಟಿ ಹಿಡಿ, ಉಸಿರು ಬಿಗಿ ಹಿಡಿ" ಅಂತ ಪಾಠ. ನಾನು ತಗೊಂಡು ಹೊಡೆದ್ರೆ ಎಂಟು ಒಂಬತ್ತು ಬೀಳ್ತಿತ್ತು, ಅದು ಇನ್ನೂ ಕೆಡುಕಾಯ್ತು. ಗನ್ ಸರಿ ಇದೆ, ನಂಗೇ ಬರಲ್ಲ ಅಂತ ಅವಳಿಗೆ ನಾನೇ ತೋರಿಸಿಕೊಟ್ಟಂಗಾಯ್ತು ನೋಡಿ. ಮಧ್ಯ ನಾನು ಹೆಬ್ಬೆರಳ ಹತ್ರ ಉಪ್ಪುಕಾಗದ ಹಾಕಿ ಉಜ್ಜಿದೆ, ಉಜ್ಜಬೇಕಾದ ಜಾಗ ಅದಲ್ಲ. ಎರಡು ತಿಂಗಳಿಗೆ ಮಣಿಕಟ್ಟಿಗೆ ಎಣ್ಣೆ ಹಚ್ಕೊಂಡು "ಇದು ನಮ್ಮಂಥೋರಿಗಲ್ಲ ಬಿಡಿ, ಮಾರ್ಬಿಡಿ, ದುಡ್ಡಾದ್ರೂ ಬರ್ಲಿ" ಅಂದ್ಲು.

ಮಾರ್ಲಿಲ್ಲ. ಬೀರುವಲ್ಲಿಟ್ಟೆ. ಆಗುಂಬೆ ಪಕ್ಕದ ಮಳೆಗಾಲ ನಿಮಗೆ ಹೇಳಿಕೊಡ್ಬೇಕಾ, ಪೆಟ್ಟಿಗೆಯೊಳಗಿನ ಸ್ಪಂಜು ಶೀತ ಕುಡಿದು ಕೂತಿತ್ತು, ದೀಪಾವಳಿಗೆ ತೆಗೆದು ನೋಡಿದ್ರೆ ಹಿಡಿ ಮೇಲೆ ಬೂಷ್ಟು, ಸ್ಕ್ರೂ ತಲೆ ಮೇಲೆ ತುಕ್ಕು. ನಮ್ಮ ಕಡೆ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಡಬಾರ್ದು, ಒಣಗಿದ ಬಟ್ಟೆ, ಒಂದು ಹನಿ ಎಣ್ಣೆ, ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಂದ್ಸಲ ತೆಗೆದು ಗಾಳಿಗೆ.

ಆಮೇಲೆ ನಾದಿನಿ ಮನೆ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋದಾಗ, ಮಾರೋದಾದ್ರೂ ತೋರಿಸಿ ಮಾರೋಣ ಅಂತ ಪಿಸ್ತೂಲ್ ಜತೇಲಿ ಒಯ್ದು ಒಂದು ರೇಂಜಿಗೆ ಹೋದ್ವಿ. ಅಲ್ಲಿದ್ದ ಕೋಚ್ ಹೆಂಗಸು, ಐವತ್ತರ ಆಸುಪಾಸು. ಇವಳ ಕೈಗೆ ಪಿಸ್ತೂಲ್ ಕೊಟ್ಟು ಎತ್ತಿ ಹಿಡೀರಿ ಅಂದ್ರು. ಗುರಿ ಕಡೆ ನೋಡ್ಲೇ ಇಲ್ಲ ಅವ್ರು, ಅಂಗೈ ಹಿಂದಿನ ಆ ಸಂದಿಯಲ್ಲಿ ತಮ್ಮ ಕಿರುಬೆರಳು ತೂರಿಸಿ ಅಲ್ಲಾಡಿಸಿದ್ರು. "ಇದು ಯಾರ ಗನ್ನಮ್ಮಾ, ಯಜಮಾನ್ರದ್ದಾ?" ಅಂತ ಕೇಳಿದ್ರು.

ಇವಳು ನನ್ನ ಮುಖ ನೋಡಿದ್ಲು. ಹೌದು ಅಂದೆ. ಏನು ಹೇಳ್ಲಿ.

ಅವರ ಹತ್ರ ಇದ್ದ ಸಣ್ಣ ಹಿಡಿಯ ಪಿಸ್ತೂಲ್ ಕೊಟ್ರು. ಮೊದಲ ಹತ್ತು ಶಾಟಲ್ಲಿ ಏಳು ಕಪ್ಪೊಳಗೆ. ಚಪ್ಪಟೆ ಮೂತಿ ಪೆಲೆಟ್ ಕಾಗದದಲ್ಲಿ ದುಂಡಗೆ ಪಂಚ್ ಹೊಡೆದಂಗೆ ತೂತು ಮಾಡುತ್ತೆ, ಆ ಕಾಗದ ಮಡಿಚಿ ಪರ್ಸಲ್ಲಿ ಇಟ್ಕೊಂಡ್ಲು, ಈಗ್ಲೂ ಇದೆ. ಎಸ್ ಸೈಜ್ ಹಿಡಿ ಒಂದನ್ನೇ ಹೊರಗಿಂದ ತರಿಸೋಕೆ ಹದಿನೈದು ಸಾವಿರದ ಮೇಲಾಯ್ತು, ಐದು ತಿಂಗಳು ಕಾದ್ವಿ. ದುಡ್ಡು ಹೋಗಿದ್ದಕ್ಕಲ್ಲ ನನಗೆ ಸಂಕಟ. ಒಂದು ವರ್ಷ ತನಗೆ ಕೈಲಾಗಲ್ಲ ಅಂತ ನಂಬಿದ್ಲಲ್ಲ ಅದಕ್ಕೆ.

ಈಗ ನಿಮ್ಮ .22. ಮೊದಲ್ನೇದಾಗಿ, ನಿಮ್ಮ ಮನೆಯೋರು ನೋಡಿ ಆಸೆಪಟ್ಟಿದ್ದು ಬಹುಶಃ .22 ಅಲ್ಲವೇ ಅಲ್ಲ. 2024ರಲ್ಲಿ ಪ್ಯಾರಿಸ್ಸಲ್ಲಿ ಮನು ಭಾಕರ್ ತಗೊಂಡ ಎರಡು ಕಂಚೂ 10 ಮೀಟರ್ ಏರ್ ಪಿಸ್ತೂಲಲ್ಲಿ, ಒಂದು ಒಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜತೆ. .22 ಬಳಸೋ 25 ಮೀಟರಲ್ಲಿ ನಾಲ್ಕನೇ ಸ್ಥಾನ ಬಂದಿದ್ದು. ಕೇಳಿ ನೋಡಿ ಅವ್ರನ್ನ, ಯಾವ್ದು ಅಂತ.

ಎರಡನೇದು, .22 ಬಂದೂಕು, ಆಟದ ಸಾಮಾನಲ್ಲ. ಲೈಸೆನ್ಸ್ ಅವರ ಹೆಸರಲ್ಲೇ ಆಗ್ಬೇಕು, ನಿಮ್ಮಪ್ಪನ ಕೋವಿ ಲೈಸೆನ್ಸಿಗೆ ಇನ್ನೊಂದು ಸೇರಿಸಿದ್ರೆ ಅದು ನಿಮ್ಮಪ್ಪನ ಪಿಸ್ತೂಲ್ ಆಗುತ್ತೆ, ಸೊಸೇದಲ್ಲ. ಲೈಸೆನ್ಸ್ ಇಲ್ಲದೋರ ಕೈಗೆ ಕೊಡೋದು 1959ರ ಆಯುಧ ಕಾಯ್ದೇಲಿ ಅಪರಾಧ, ಮದುವೆ ದಿನ ಅಂತ ರಿಯಾಯ್ತಿ ಇಲ್ಲ. ಕೊಡಗಿನ ಕೆಲವ್ರಿಗೆ ಕೋವಿ ಲೈಸೆನ್ಸಿಂದ ಇರೋ ವಿನಾಯ್ತಿ ನಮಗೆ ಅನ್ವಯಿಸಲ್ಲ. 2019ರ ತಿದ್ದುಪಡಿ ಆದ್ಮೇಲೆ ಒಬ್ರ ಹೆಸರಲ್ಲಿ ಸಾಮಾನ್ಯವಾಗಿ ಎರಡೇ. ಅವರು ಅರ್ಜಿ ಹಾಕ್ಬೇಕು, ಡಾಕ್ಟರ್ ಸರ್ಟಿಫಿಕೇಟ್, ಪೊಲೀಸ್ ವೆರಿಫಿಕೇಶನ್, ಫೈಲು ಡಿಸಿ ಆಫೀಸಿಗೆ. ವೆರಿಫಿಕೇಶನ್ನಿಗೆ ಪೊಲೀಸ್ನೋರು ಜಗಲಿ ಮೇಲೆ ಕೂತು ಕಾಫಿ ಕುಡ್ಕೊಂಡು ಹೋದ್ಮೇಲೆ ಸರ್ಪ್ರೈಸ್ ಎಲ್ಲಿ ಉಳೀತು ಹೇಳಿ? ವಾಲ್ಥರ್ ಪಾರ್ಡಿನಿ ಅಂತೀರಿ, ಅವೆಲ್ಲ ಹೊರದೇಶದ್ದು, ಮ್ಯಾಚಲ್ಲಿ ಅರ್ಹತೆ ತೋರಿಸಿ ಹೆಸರು ಮಾಡಿದ ಶೂಟರ್‌ಗಳಿಗೆ ಆಮದು ದಾರಿ ಇದೆ, ನಮ್ಮಂಥ ಸಾಮಾನ್ಯರು ಅಂಗಡಿಗೆ ಹೋಗಿ ಕೊಡಪ್ಪಾ ಅಂತ ಕೇಳೋಕಾಗಲ್ಲ.

ಏರ್ ಪಿಸ್ತೂಲ್ 0.177, ಅಂದ್ರೆ 4.5 ಮಿಲಿಮೀಟರ್, ಶಕ್ತಿ 20 ಜೌಲ್ ದಾಟದೇ ಇದ್ರೆ ಲೈಸೆನ್ಸ್ ಬೇಡ. ಅಲ್ಲಿಂದ ಶುರು ಮಾಡಿ. ಅದರಲ್ಲೂ ಸ್ಪ್ರಿಂಗಿನದ್ದು ಅಗ್ಗ ಅಂತ ತರಬೇಡಿ, ಪ್ರತೀ ಶಾಟಿಗೂ ಬ್ಯಾರೆಲ್ ಮಡಿಚಿ ಎಳೆದು ಎಳೆದು ಗುರಿ ಇಡೋ ಹೊತ್ತಿಗೆ ಕೈ ನಡುಗ್ತಿರುತ್ತೆ.

ಗಿಫ್ಟ್ ಏನು ಕೊಡ್ಲಿ ಅಂದ್ರೆ, ಶಿವಮೊಗ್ಗನೋ ಬೆಂಗಳೂರೋ, ಕೋಚ್ ಇರೋ ರೇಂಜಲ್ಲಿ ಮೂರು ತಿಂಗಳ ಫೀಸ್ ಕಟ್ಟಿ ರಶೀದಿ ಕವರಲ್ಲಿ ಹಾಕಿ ಕೊಡಿ. ರೇಂಜಿನ ನಾಲ್ಕೈದು ಪಿಸ್ತೂಲ್ ಹಿಡಿದು ನೋಡ್ಲಿ. ಯಾವ ಕಣ್ಣು ಜೋರು ಅಂತಾನೂ ಅಲ್ಲೇ ನೋಡ್ತಾರೆ, ಬಲಗೈಯೋರಿಗೆ ಎಡಗಣ್ಣು ಜೋರಿರೋದು ಅಪರೂಪ ಏನಲ್ಲ, ಆಗ ಲೆಕ್ಕಾಚಾರ ಬೇರೆ. ಆಮೇಲೆ ಕಾಗದದ ಮೇಲೆ ಅವರ ಕೈ ಇಡಿಸಿ ಪೆನ್ಸಿಲ್ಲಲ್ಲಿ ಸುತ್ತ ಗೆರೆ ಎಳೆದು, ಅಳತೆ ಕಳಿಸಿ ಹಿಡಿ ಗೊತ್ತು ಮಾಡಿ. ನೀವು ಆ ಹೊತ್ತಲ್ಲಿ ಹೊರಗೆ ಕೂತು ಚಾ ಕುಡೀರಿ, ದಯವಿಟ್ಟು ಕೈಯಲ್ಲಿ ಹಿಡಿದು "ಚೆನ್ನಾಗಿದೆ ಕಣೇ" ಅನ್ಬೇಡಿ.

ಅಂದ ಹಾಗೆ ನನ್ನ ಎಲ್ ಸೈಜ್ ಹಿಡಿ ಅಟ್ಟದ ಮೇಲಿದೆ, ಬಲಗೈದು, ಬೂಷ್ಟು ಒರೆಸಿದೀನಿ. ಕೈ ದೊಡ್ಡದಿರೋರಿಗೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ಪೋಸ್ಟ್ ಖರ್ಚು ಕೊಟ್ರೆ ಸಾಕು. ಹೆಬ್ಬೆರಳ ಹತ್ರ ಸ್ವಲ್ಪ ಉಜ್ಜಿದೆ.